ಹೊಸೂರಿನ ಚಳಿಗೆ ಮೊಟ್ಟೆ ಹಾಲು

ಎಗ್‌ನಾಗ್ ಅಂದರೆ ಹಾಲು, ಮೊಟ್ಟೆ, ಸಕ್ಕರೆ, ಮೇಲೊಂದು ಚಿಟಿಕೆ ಜಾಯಿಕಾಯಿ. ಬೇಕೆನ್ನುವವರಿಗೆ ಒಂದಿಷ್ಟು ರಮ್. ಹೊಸೂರು ಕಡೆ ಇಷ್ಟು ವಿವರಿಸಿ ನೋಡಿ. ಅರ್ಧ ಜನ ‘ಇದರಲ್ಲೇನು ಹೊಸದು, ನಮ್ ತಾತ ದಿನಾ ಹಾಲಿಗೆ ಮೊಟ್ಟೆ ಒಡ್ಕೊಂಡು ಕುಡೀತಿದ್ರು’ ಅನ್ನುತ್ತಾರೆ. ಉಳಿದರ್ಧ ‘ಹಾಲಿಗೆ ಮೊಟ್ಟೇನಾ? ವಾಸನೆ ಹೊಡೆಯಲ್ವಾ?’ ಎಂದು ಮುಖ ಕಿವುಚುತ್ತಾರೆ. ಮೊದಲಿನವರಿಗೆ ಅದು ಗರಡಿ ಮನೆಯ ಸಾಮಾನು. ಎರಡನೆಯವರಿಗೆ ಬೆಂಗಳೂರಿನ ಕೆಫೆಗಳು ಡಿಸೆಂಬರಿನಲ್ಲಿ ಮಾತ್ರ ಬೋರ್ಡಿನ ಮೇಲೆ ಬರೆಯುವ ದುಬಾರಿ ವಿಲಾಸ. ನನ್ನ ವಾದ ಇಷ್ಟೇ: ಎರಡೂ ಒಂದೇ ಮನೆತನದವು, ಮತ್ತು ಎರಡಕ್ಕಿಂತ ಒಳ್ಳೆಯದನ್ನು ಮನೆಯ ಒಲೆಯ ಮೇಲೆ ಮುಕ್ಕಾಲು ಗಂಟೆಯಲ್ಲಿ ಮಾಡಬಹುದು. ಅದಕ್ಕೆ ಬೇಕಾದದ್ದೆಲ್ಲ ಹೊಸೂರು–ಕೃಷ್ಣಗಿರಿ ಸೀಮೆಯಲ್ಲೇ ಇದೆ.

ತಮಿಳುನಾಡಿನ ಶಾಲೆಗಳಿಗೆ ಅರ್ಧವಾರ್ಷಿಕ ಪರೀಕ್ಷೆ ಮುಗಿದು ರಜೆ ಸಿಗುವುದು ಸರಿಯಾಗಿ ಕ್ರಿಸ್‌ಮಸ್ ಹೊತ್ತಿಗೆ. ಅತ್ತಿಬೆಲೆಯ ಆಚೆಗಿನ ಕರ್ನಾಟಕದ ಮಕ್ಕಳು ದಸರಾ ರಜೆಯನ್ನು ಎಂದೋ ಮುಗಿಸಿ ಪಾಠಕ್ಕೆ ಕೂತಿದ್ದರೆ, ಹೊಸೂರಿನ ಮಕ್ಕಳು ಡಿಸೆಂಬರಿನ ಕೊನೆಯ ವಾರ ಮನೆ ತುಂಬ ಓಡಾಡಿಕೊಂಡಿರುತ್ತವೆ. ಊರಿನ ಸ್ವಭಾವವೂ ಕ್ರಿಸ್‌ಮಸ್ಸಿಗೆ ಒಪ್ಪುವಂಥದ್ದೇ. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಎಂದು ಕಾರ್ಖಾನೆಗಳು ಬಂದ ಮೇಲೆ ಒಂದೇ ಬೀದಿಯಲ್ಲಿ ನಾಲ್ಕು ಭಾಷೆ, ಮೂರು ಧರ್ಮ. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಆಡುವ ಊರು ಇದು. ಕ್ರಿಸ್‌ಮಸ್ ದಿನ ಪಕ್ಕದ ಮನೆಯಿಂದ ಪ್ಲಮ್ ಕೇಕು, ಅಚ್ಚುಮುರುಕು, ಕಲ್‌ಕಲ್ ತುಂಬಿದ ತಟ್ಟೆ ಬರುತ್ತದೆ. ಆ ತಟ್ಟೆಯನ್ನು ಬರಿದಾಗಿ ವಾಪಸು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಕೊಬ್ಬರಿ ಮಿಠಾಯಿಯೋ ಚಕ್ಕುಲಿಯೋ ಹಾಕಿ ಕಳಿಸುತ್ತೇವೆ. ಹತ್ತಿರದ ಕೋಲಾರ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಕಂಪನಿಯ ಕಾಲದಿಂದ ಬಂದ ಕ್ರಿಸ್‌ಮಸ್ ಸಡಗರ, ಬೆಂಗಳೂರು ದಂಡಿನ ಆಂಗ್ಲೋ ಇಂಡಿಯನ್ ಮನೆಗಳ ಕೇಕು–ವೈನು, ಕೃಷ್ಣಗಿರಿ ಪಕ್ಕದ ಎಲತ್ತಗಿರಿಯಂಥ ಹಳೆಯ ಕ್ಯಾಥೊಲಿಕ್ ಹಳ್ಳಿಗಳ ಹಬ್ಬ, ಇವೆಲ್ಲದರ ಗಾಳಿ ಇಲ್ಲಿಗೆ ತಾಗುತ್ತದೆ.

ಚಳಿಯೂ ಇದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಬೆಂಗಳೂರಿನ ಪ್ರಸ್ಥಭೂಮಿಯ ಅಂಚಿನಲ್ಲಿ ಕೂತಿದೆ. ತಳಿ, ಡೆಂಕಣಿಕೋಟೆ ಕಡೆ ಹೋದರೆ ಬೆಳಗಿನ ಮಂಜಿನಲ್ಲಿ ಎದುರಿನ ಬಸ್ಸು ಕಾಣುವುದಿಲ್ಲ. ತಳಿಯನ್ನು ಬ್ರಿಟಿಷರು ‘ಲಿಟಲ್ ಇಂಗ್ಲೆಂಡ್’ ಎಂದು ಕರೆದರಂತೆ. ಇಂಗ್ಲೆಂಡಿನವರಿಗೆ ಎಲ್ಲಿ ಸ್ವೆಟರ್ ಬೇಕಾಯಿತೋ ಅಲ್ಲೆಲ್ಲ ಒಂದೊಂದು ಚಿಕ್ಕ ಇಂಗ್ಲೆಂಡ್ ಹುಟ್ಟಿದೆ, ಅದನ್ನು ಬಹಳ ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ. ಶೂಲಗಿರಿ ದಾಟಿ ಘಟ್ಟ ಇಳಿದು ಕೃಷ್ಣಗಿರಿಗೆ ಬಂದರೆ ಸ್ವೆಟರ್ ಕಳಚಬೇಕು. ಈ ಎರಡು ಊರಿನ ಹವೆಯ ವ್ಯತ್ಯಾಸ ನಮ್ಮ ಪಾನೀಯದ ಮೇಲೂ ಪರಿಣಾಮ ಬೀರುತ್ತದೆ, ಆ ಮಾತಿಗೆ ಆಮೇಲೆ ಬರುತ್ತೇನೆ.

ಕುದುರೆ ಲಾಯದಿಂದ ಕೋಳಿ ಕಾಲೇಜಿಗೆ

ಎಗ್‌ನಾಗ್‌ನ ಪೂರ್ವಜ ಇಂಗ್ಲೆಂಡಿನ ಪಾಸೆಟ್. ಬಿಸಿ ಹಾಲಿಗೆ ಏಲ್ ಎಂಬ ಬಿಯರನ್ನೋ ವೈನನ್ನೋ ಹಾಕಿ ಒಡೆಯುವಂತೆ ಮಾಡಿ, ಮಸಾಲೆ ಸೇರಿಸಿ ಕುಡಿಯುತ್ತಿದ್ದರು. ಶೀತ, ನಿದ್ರಾಹೀನತೆಗೆ ಔಷಧಿಯೆಂಬ ಹೆಸರೂ ಅದಕ್ಕಿತ್ತು. ಮುಂದೆ ಮೊಟ್ಟೆ ಸೇರಿತು. ಹಾಲು, ಮೊಟ್ಟೆ, ಹೊರದೇಶದ ಶೆರಿ, ಮೂರೂ ಅಲ್ಲಿ ದುಬಾರಿಯಾಗಿದ್ದರಿಂದ ಅದು ಉಳ್ಳವರ ಪಾನೀಯವಾಯಿತು. ಅಮೆರಿಕದ ವಸಾಹತುಗಳಲ್ಲಿ ಲೆಕ್ಕ ತಿರುಗಿತು. ಅಲ್ಲಿ ಹಸು, ಕೋಳಿ ಸಾಕಷ್ಟು, ಕೆರಿಬಿಯನ್ ದ್ವೀಪಗಳ ರಮ್ ಅಗ್ಗ. 1795ರಿಂದ 1797ರವರೆಗೆ ಅಮೆರಿಕ ಸುತ್ತಿದ ಐಸಾಕ್ ವೆಲ್ಡ್ ಎಂಬ ಐರಿಷ್ ಪ್ರವಾಸಿ, ಅಲ್ಲಿನ ಪ್ರಯಾಣಿಕರು ಪಯಣ ಮುಂದುವರಿಸುವ ಮೊದಲು ಹೊಸ ಹಾಲು, ಮೊಟ್ಟೆ, ರಮ್, ಸಕ್ಕರೆ ಕಡೆದ ಎಗ್‌ನಾಗನ್ನು ಹೊಟ್ಟೆ ತುಂಬ ಕುಡಿದೇ ಹೊರಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ.

ಅದೇ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಏನಾಗುತ್ತಿತ್ತು? 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲನ್ನು, ಅಂದರೆ ಕೃಷ್ಣಗಿರಿ–ಧರ್ಮಪುರಿಯ ಸುತ್ತಿನ ನಾಡನ್ನು, ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಿದ್ದ. ಅಲೆಗ್ಸಾಂಡರ್ ರೀಡ್ ಮತ್ತು ಅವನ ಕೈಕೆಳಗಿನ ಥಾಮಸ್ ಮನ್ರೋ ಇಲ್ಲಿ ಹೊಲ ಹೊಲ ಅಳೆದು, ಮುಂದೆ ರೈತವಾರಿ ಎಂದು ಹೆಸರಾದ ಕಂದಾಯ ಪದ್ಧತಿಗೆ ತಳಪಾಯ ಹಾಕುತ್ತಿದ್ದರು. ಘಟ್ಟದ ಮೇಲಿನ ಹೊಸೂರು 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯ ಕೈಸೇರಿತು. ಇದೇ ದಶಕದಲ್ಲಿ, 1796ರಲ್ಲಿ, ಬ್ರಿಟಿಷರು ಡಚ್ಚರಿಂದ ಇಂದಿನ ಇಂಡೊನೇಷ್ಯಾದ ಬಾಂದಾ ದ್ವೀಪಗಳನ್ನು ಕಿತ್ತುಕೊಂಡು ಅಲ್ಲಿನ ಜಾಯಿಕಾಯಿ ಸಸಿಗಳನ್ನು ತಮ್ಮ ವಸಾಹತುಗಳಿಗೆ ಹೊರಿಸತೊಡಗಿದರು. ಇಂದು ದಕ್ಷಿಣ ಕನ್ನಡ, ಉತ್ತರ ಕನ್ನಡದ ಅಡಿಕೆ ತೋಟಗಳಲ್ಲಿ, ಕೇರಳದ ತೆಂಗಿನ ತೋಟಗಳಲ್ಲಿ ಜಾಯಿಕಾಯಿ ಮರ ಸಲೀಸಾಗಿ ನಿಂತಿರುವುದರ ಹಿಂದೆ ಆ ಕಿತ್ತಾಟದ ಕಥೆಯಿದೆ.

1824ರಲ್ಲಿ ಕಂಪನಿ ಹೊಸೂರಿನ ಮತ್ತಿಗಿರಿಯಲ್ಲಿ ಸೈನ್ಯದ ಕುದುರೆಗಳಿಗಾಗಿ ಡಿಪೋ ತೆರೆಯಿತು. ಹುಲ್ಲುಗಾವಲು, ತಂಪು ಹವೆ, ಬೆಂಗಳೂರು ದಂಡಿಗೆ ಸಮೀಪ. ಆಮೇಲೆ ಕುದುರೆ ಹೋಗಿ ದನ ಬಂದವು. ಇಂದು ಅದು ತಮಿಳುನಾಡು ಪಶುಸಂಗೋಪನಾ ಇಲಾಖೆಯ ಜಿಲ್ಲಾ ಜಾನುವಾರು ಫಾರಂ, ನೂರಾರು ಎಕರೆಯಲ್ಲಿ ಹರಡಿಕೊಂಡಿದೆ. ಅದೇ ಮತ್ತಿಗಿರಿಯಲ್ಲಿ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೋಳಿ ಸಾಕಣೆ ಕಾಲೇಜೂ ಇದೆ. ಕೋಳಿಯನ್ನೇ ಓದಿ ಬಿ.ಟೆಕ್ ಪದವಿ ಪಡೆಯಬಹುದಾದ ಜಾಗ. ಹಾಲಿಗೂ ಮೊಟ್ಟೆಗೂ ಒಂದೇ ಪಿನ್‌ಕೋಡಿನಲ್ಲಿ ಸರ್ಕಾರಿ ವಿಳಾಸವಿರುವ ಊರು ಎಗ್‌ನಾಗ್ ಮಾಡದೆ ಇನ್ಯಾವುದು ಮಾಡಬೇಕು?

ಮತ್ತಿಗಿರಿಯಲ್ಲಿ ಕುದುರೆ ಕಟ್ಟಿದ ಎರಡು ವರ್ಷಕ್ಕೆ ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗಲಾರೆ. ಅಲ್ಲಿನ ಮುಖ್ಯಾಧಿಕಾರಿ ಸಿಲ್ವೇನಸ್ ಥೇಯರ್ ಮದ್ಯ ನಿಷೇಧಿಸಿದ್ದ. 1826ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಕೆಡೆಟ್‌ಗಳು ಎಗ್‌ನಾಗ್‌ಗೆಂದು ವಿಸ್ಕಿಯನ್ನು ಕದ್ದುಮುಚ್ಚಿ ಒಳತಂದರು. ಬೆಳಗಾಗುವಷ್ಟರಲ್ಲಿ ಕಿಟಕಿ ಒಡೆದು, ಪೀಠೋಪಕರಣ ಮುರಿದು, ಅಧಿಕಾರಿಗಳ ಮೇಲೆ ಕೈಮಾಡಿದ್ದರು. ಇತಿಹಾಸದಲ್ಲಿ ಅದಕ್ಕೆ ‘ಎಗ್‌ನಾಗ್ ದಂಗೆ’ ಎಂದೇ ಹೆಸರು. ಅದರಲ್ಲಿ ಸಿಕ್ಕಿಬಿದ್ದೂ ಸೇನಾ ವಿಚಾರಣೆಯಿಂದ ಪಾರಾದ ಒಬ್ಬ ಹುಡುಗ ಜೆಫರ್‌ಸನ್ ಡೇವಿಸ್, ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಅಧ್ಯಕ್ಷ. ಹಾಲು ಕುಡಿದು ಯಾರೂ ದಂಗೆ ಏಳುವುದಿಲ್ಲ, ವಿಸ್ಕಿಯ ಪಾಲು ಎಷ್ಟಿತ್ತೆಂದು ಊಹಿಸಬಹುದು.

ಹಸಿ ಮೊಟ್ಟೆಯ ಮೋಹ

ನಮ್ಮ ಕಡೆ ಹಸಿ ಮೊಟ್ಟೆಗೆ ಇರುವ ಗೌರವ ಬೇಯಿಸಿದ್ದಕ್ಕಿಲ್ಲ. ಮೈನೆರೆದ ಹುಡುಗಿಗೆ ನಾಟಿ ಕೋಳಿಯ ಹಸಿ ಮೊಟ್ಟೆ, ಮೇಲೊಂದು ಚಿಪ್ಪಿನಷ್ಟು ಎಳ್ಳೆಣ್ಣೆ. ಗರಡಿಯ ಹುಡುಗನಿಗೆ ಹಾಲಿನಲ್ಲಿ ಕಲಸಿದ ಮೊಟ್ಟೆ. ಶೀತ ಹಿಡಿದ ಯಜಮಾನರಿಗೆ ಬ್ರಾಂದಿಗೆ ಒಡೆದು ಹಾಕಿದ ಮೊಟ್ಟೆ. ಘಟ್ಟದ ಮೇಲೂ ಕೆಳಗೂ, ಕನ್ನಡದ ಮನೆಯಲ್ಲೂ ತಮಿಳು ಮನೆಯಲ್ಲೂ ಇದು ಒಂದೇ. ಆಂಗ್ಲೋ ಇಂಡಿಯನ್ನರು ‘ಎಗ್ ಫ್ಲಿಪ್’ ಎಂದು ಕಾಯಿಲೆಯವರಿಗೆ ಕೊಡುತ್ತಿದ್ದುದೂ ಬಹುಮಟ್ಟಿಗೆ ಇದೇ. ‘ಬೇಯಿಸಿದ್ರೆ ಸತ್ವ ಹೋಗುತ್ತೆ’ ಎಂಬ ಅಜ್ಜಿಯ ತೀರ್ಪಿನ ಮುಂದೆ ಮೇಲ್ಮನವಿಗೆ ಅವಕಾಶವಿರಲಿಲ್ಲ.

ಈಗ ಇದೆ. ಬೆಲ್ಜಿಯಂನ ಲ್ಯೂವನ್‌ನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ ಬೇಯಿಸಿದ ಮೊಟ್ಟೆಯ ಪ್ರೋಟೀನು ಶೇ 91ರಷ್ಟು ಜೀರ್ಣವಾದರೆ, ಹಸಿ ಮೊಟ್ಟೆಯದು ಶೇ 51ರಷ್ಟು ಮಾತ್ರ. ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ ಜೀವಸತ್ವವನ್ನು ಹಿಡಿದಿಟ್ಟು ಮೈಗೆ ಸೇರಗೊಡುವುದಿಲ್ಲ. ಶಾಖ ತಾಗಿದರೆ ಅವಿಡಿನ್ ಸೋಲುತ್ತದೆ. ಅಂದರೆ ಸತ್ವ ಹೋಗುವುದು ಹಸಿಯಾಗಿ ಕುಡಿದಾಗಲೇ. ಜತೆಗೆ ಸಾಲ್ಮೊನೆಲ್ಲಾ. ಈ ಬ್ಯಾಕ್ಟೀರಿಯಾ ಚಿಪ್ಪಿನ ಮೇಲಿನ ಕೊಳೆಯಲ್ಲಷ್ಟೇ ಇರುತ್ತದೆ ಎಂದುಕೊಂಡವರು ಬಹಳ. ಸೋಂಕಿರುವ ಕೋಳಿಯ ಅಂಡಾಶಯದಿಂದಲೇ ಅದು ಮೊಟ್ಟೆಯೊಳಗೆ ಸೇರಬಹುದು, ಹೊರಗೆ ಎಷ್ಟು ತೊಳೆದರೂ ಅಷ್ಟೆ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಇರುವ ಮನೆಯಲ್ಲಿ ಹಸಿ ಮೊಟ್ಟೆಯ ಎಗ್‌ನಾಗ್ ಮಾಡಬೇಡಿ ಎಂದು ನಾನು ಕಡ್ಡಿ ಮುರಿದಂತೆ ಹೇಳುತ್ತೇನೆ.

‘ರಮ್ ಹಾಕಿದ್ರೆ ಕ್ರಿಮಿ ಸಾಯುತ್ತೆ’ ಎನ್ನುವವರಿಗೆ ಒಂದು ನಿಜ ಕಥೆ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳನ್ನು ಗುಂಪು ಗುಂಪಾಗಿ ವಿಂಗಡಿಸಿ ಹೆಸರಾದ ವಿಜ್ಞಾನಿ ರೆಬೆಕಾ ಲ್ಯಾನ್ಸ್‌ಫೀಲ್ಡ್ ಪ್ರತಿ ವರ್ಷ ಹಸಿ ಮೊಟ್ಟೆಯ ಎಗ್‌ನಾಗ್ ಮಾಡಿ, ವಾರಗಟ್ಟಲೆ ಫ್ರಿಜ್ಜಿನಲ್ಲಿಟ್ಟು ಕ್ರಿಸ್‌ಮಸ್‌ಗೆ ಸಹೋದ್ಯೋಗಿಗಳಿಗೆ ಹಂಚುತ್ತಿದ್ದರು. ಅವರ ನಂತರ ಅದೇ ಪ್ರಯೋಗಾಲಯದ ವಿನ್ಸೆಂಟ್ ಫಿಶೆಟ್ಟಿ, ಆ ಎಗ್‌ನಾಗಿಗೆ ಬೇಕೆಂದೇ ಸಾಲ್ಮೊನೆಲ್ಲಾ ಬೆರೆಸಿ ಪರೀಕ್ಷಿಸಿದರು. ಮೂರು ವಾರ ಕಳೆದ ಮೇಲೆ ಬ್ಯಾಕ್ಟೀರಿಯಾ ಉಳಿದಿರಲಿಲ್ಲ. ಆದರೆ ಗಮನಿಸಿ: ಅದರಲ್ಲಿ ಆಲ್ಕೊಹಾಲ್ ಶೇ 20ರ ಆಸುಪಾಸು ಇತ್ತು, ಕಾದದ್ದು ವಾರಗಟ್ಟಲೆ. ನಾವು 200 ಮಿ.ಲೀ. ಹಾಲಿಗೆ 30 ಮಿ.ಲೀ. ರಮ್ ಸುರಿದರೆ ಆಲ್ಕೊಹಾಲ್ ಶೇ 6ನ್ನೂ ಮುಟ್ಟುವುದಿಲ್ಲ. ಅಷ್ಟಕ್ಕೆ ಸಾಲ್ಮೊನೆಲ್ಲಾ ಮಿಸುಕಾಡುವುದೂ ಇಲ್ಲ. ಕಾಯಿಸುವುದೊಂದೇ ದಾರಿ. 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಭಯವಿಲ್ಲ.

ಒಲೆಯ ಮುಂದೆ

ಮೊದಲು ಹಾಲು. ಅಮೆರಿಕದಲ್ಲಿ ಎಗ್‌ನಾಗ್ ಎಂದು ಹೆಸರಿಟ್ಟು ಮಾರಬೇಕಾದರೆ ಅದರಲ್ಲಿ ಕನಿಷ್ಠ ಶೇ 6ರಷ್ಟು ಹಾಲಿನ ಕೊಬ್ಬು ಇರಬೇಕೆಂದು ಅಲ್ಲಿನ ಆಹಾರ ಇಲಾಖೆಯ ನಿಯಮ. ಅಲ್ಲಿನ ಹಾಲು ತೆಳು, ಅದಕ್ಕೇ ಅವರು ಕ್ರೀಮ್ ಸುರಿಯುತ್ತಾರೆ. ನಮ್ಮಲ್ಲಿ ಫುಲ್ ಕ್ರೀಮ್ ಹಾಲೆಂದರೇ ಶೇ 6 ಕೊಬ್ಬು, ಶೇ 9 ಇತರ ಘನಾಂಶ. ಆವಿನ್‌ನ ಕಿತ್ತಳೆ ಪ್ಯಾಕೆಟ್ಟೋ, ಗಡಿಯಾಚೆಯ ನಂದಿನಿ ಸಮೃದ್ಧಿಯೋ ತಂದರೆ ಮುಗಿಯಿತು. ಅಂತರ್ಜಾಲದ ಪಾಕವಿಧಾನ ನೋಡಿ ದುಡ್ಡು ಕೊಟ್ಟು ಫ್ರೆಶ್ ಕ್ರೀಮ್ ಡಬ್ಬ ಕೊಳ್ಳುವವರನ್ನು ಕಂಡರೆ ನನಗೆ ಸಂಕಟ. ಎಮ್ಮೆ ಹಾಲು ಸಿಗುವ ಹಳ್ಳಿಯಲ್ಲಿದ್ದರೆ ಇನ್ನೂ ಮಾತಿಲ್ಲ.

ಮೊಟ್ಟೆ. ನಾಮಕ್ಕಲ್ಲಿನ ಫಾರಂ ಮೊಟ್ಟೆ ಸೇಲಂ, ಕೃಷ್ಣಗಿರಿ ಹಾದು ಹೊಸೂರಿನ ಅಂಗಡಿಗೆ ಬಂದಿರುತ್ತದೆ. ಅದೇ ಸಾಕು. ನಾಟಿ ಮೊಟ್ಟೆ ಸಿಕ್ಕರೆ ಹಳದಿಗೆ ಕಿತ್ತಳೆ ಬಣ್ಣ, ರುಚಿಯೂ ಒಂದು ಕೈ ಮೇಲು. ಆದರೆ ಗಾತ್ರ ಚಿಕ್ಕದು, ಆರು ಹಾಕುವಲ್ಲಿ ಎಂಟು ಬೇಕು. ಬಣ್ಣ ಬರುವುದು ಕೋಳಿ ತಿಂದ ಸೊಪ್ಪು, ಹುಳುಗಳಿಂದ. ಮೆಕ್ಕೆಜೋಳ ತಿಂದ ಫಾರಂ ಕೋಳಿಯೂ ಒಳ್ಳೆಯ ಬಣ್ಣ ಕೊಡುತ್ತದೆ. ತಾಜಾತನ ನೋಡಲು ನೀರಿಗೆ ಹಾಕಿ: ಹೊಸದು ತಳದಲ್ಲಿ ಮಲಗುತ್ತದೆ, ಹಳತು ಒಳಗೆ ಗಾಳಿ ಹೆಚ್ಚಾಗಿ ಎದ್ದು ನಿಲ್ಲುತ್ತದೆ, ತೇಲಿದ್ದನ್ನು ಎಸೆಯಿರಿ.

ಒಂದು ಲೀಟರ್ ಹಾಲಿಗೆ ಆರು ಹಳದಿ, 130 ಗ್ರಾಂ ಸಕ್ಕರೆ, ಒಂದು ಬೆರಳುದ್ದ ಚಕ್ಕೆ, ಎರಡು ಲವಂಗ, ಚಿಟಿಕೆ ಉಪ್ಪು. ಅಮೆರಿಕದ ಕಾರ್ಖಾನೆಯವರು ಹಳದಿಯ ಬಗೆಗಿನ ಅಲ್ಲಿನ ನಿಯಮ ಪಾಲಿಸಲು ಲೀಟರಿಗೆ ಒಂದೆರಡು ಹಳದಿಯಲ್ಲಿ ಕೈತೊಳೆದುಕೊಳ್ಳಬಹುದು. ಮನೆಯಲ್ಲಿ ಆರು ಹಾಕುವಾಗ ಜಿಪುಣತನ ಬೇಡ. ಉಪ್ಪನ್ನು ಬಿಡಬೇಡಿ, ಅದಿಲ್ಲದಿದ್ದರೆ ಬರೀ ಸಿಹಿ.

ಹಾಲಿಗೆ ಚಕ್ಕೆ, ಲವಂಗ, ಉಪ್ಪು ಹಾಕಿ ಕುದಿಸಿ, ಉರಿ ಆರಿಸಿ ಹತ್ತು ನಿಮಿಷ ಮುಚ್ಚಿಡಿ. ಕುದಿಯುವ ಬಿಸಿ ಇಳಿಯಬೇಕು, ಮಸಾಲೆಯ ಘಮ ಹಾಲಿಗಿಳಿಯಬೇಕು. ಅಷ್ಟರಲ್ಲಿ ಬೇರೆ ಪಾತ್ರೆಯಲ್ಲಿ ಹಳದಿಗಳನ್ನು ಹಾಕಿಕೊಳ್ಳಿ. ಸಕ್ಕರೆ ಸುರಿದ ಮೇಲೆ ಫೋನ್ ಬಂತೆಂದು ಎದ್ದು ಹೋಗಬಾರದು. ಸಕ್ಕರೆ ಹಳದಿಯ ನೀರನ್ನು ಎಳೆದುಕೊಂಡು ಅಲ್ಲಲ್ಲಿ ಗಟ್ಟಿ ಗಂಟು ಕಟ್ಟುತ್ತದೆ, ಆಮೇಲೆ ಎಷ್ಟು ತಿರುವಿದರೂ ಕರಗುವುದಿಲ್ಲ. ಹಾಕಿದ ಕೂಡಲೇ ಕಡೆಯಲು ಶುರು ಮಾಡಿ. ಮಜ್ಜಿಗೆ ಕಡೆಯುವ ಚಿಕ್ಕ ಕಡಗೋಲಿದ್ದರೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಎರಡು ಅಂಗೈ ನಡುವೆ ಹೊಸೆಯುತ್ತ ಹೋದರೆ ಕಡು ಹಳದಿ ತಿಳಿಯಾಗಿ, ಉಬ್ಬಿ, ಎತ್ತಿದಾಗ ರಿಬ್ಬನ್ನಿನ ಹಾಗೆ ಬೀಳತೊಡಗುತ್ತದೆ.

ಈಗ ನಾಜೂಕಿನ ಭಾಗ. ಬಿಸಿ ಹಾಲಿಗೆ ಹಳದಿಯನ್ನು ಸುರಿದರೆ ಮೊಟ್ಟೆ ಪಲ್ಯ ಆಗುತ್ತದೆ. ಹಳದಿಗೆ ಹಾಲು ಹೋಗಬೇಕು. ಒಂದು ಸೌಟು, ತಿರುವು, ಇನ್ನೊಂದು ಸೌಟು, ತಿರುವು. ನಾಲ್ಕು ಸೌಟಿನ ಹೊತ್ತಿಗೆ ಹಳದಿ ಬೆಚ್ಚಗಾಗಿ ಪಳಗಿರುತ್ತದೆ. ಆಮೇಲೆ ಎಲ್ಲವನ್ನೂ ಹಾಲಿನ ಪಾತ್ರೆಗೆ ಹಾಕಿ. ಈ ಪಾತ್ರೆಯನ್ನು ನೇರ ಉರಿಯ ಮೇಲೆ ಇಡುವ ಬದಲು, ಅಗಲ ಬಾಯಿಯ ಇನ್ನೊಂದು ಪಾತ್ರೆಯಲ್ಲಿ ನೀರು ಬಿಸಿಮಾಡಿ ಅದರ ಮೇಲೆ ಕೂರಿಸಿ. ನಮ್ಮ ಸ್ಟೀಲ್ ಪಾತ್ರೆಗಳ ತಳ ತೆಳು, ನೇರ ಉರಿಯಲ್ಲಿ ತಳ ಹಿಡಿಯುವುದು ಗ್ಯಾರಂಟಿ. ಕೆಳಗಿನ ನೀರು ಕೊತಕೊತ ಕುದಿಯಬಾರದು, ಸಣ್ಣಗೆ ಮಿಸುಕುತ್ತಿರಬೇಕು.

ಮರದ ಸೌಟಿನಲ್ಲಿ ತಳ ಮುಟ್ಟಿಸಿ, ಎಂಟರ ಆಕಾರದಲ್ಲಿ, ನಿಲ್ಲಿಸದೆ ತಿರುವುತ್ತ ಇರಿ. ಮೊದಲ ಐದಾರು ನಿಮಿಷ ಏನೂ ಆಗುವುದಿಲ್ಲ, ಇಲ್ಲೇ ಜನ ತಾಳ್ಮೆಗೆಟ್ಟು ಉರಿ ಹೆಚ್ಚಿಸಿ ಕೆಡಿಸುವುದು. ಮೇಲಿನ ನೊರೆ ತಾನಾಗಿ ಅಡಗುತ್ತ ಬರುತ್ತದೆ, ಆವಿ ಏಳುತ್ತದೆ, ಸೌಟು ಎಳೆಯುವಾಗ ಕೈಗೆ ಸಣ್ಣ ಭಾರ ತಿಳಿಯುತ್ತದೆ. ಸೌಟನ್ನೆತ್ತಿ ಅದರ ಬೆನ್ನ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಕೂಡಿಕೊಳ್ಳದೆ ಉಳಿದರೆ ಹದ ಬಂದಿದೆ. ಅಡುಗೆಯ ಥರ್ಮಾಮೀಟರ್ ಇದ್ದರೆ 75ರಿಂದ 80 ಡಿಗ್ರಿ ತೋರಿಸುತ್ತದೆ, ಸುರಕ್ಷತೆಯ 71 ಎಂದೋ ದಾಟಿರುತ್ತದೆ. 85 ದಾಟಿದರೆ ಮೊಟ್ಟೆಯ ಪ್ರೋಟೀನುಗಳು ಒಂದನ್ನೊಂದು ಬಿಗಿದುಕೊಂಡು ನೀರು ಬಿಟ್ಟು ಕಾಳುಕಾಳಾಗುತ್ತವೆ. ಬರೀ ಹಳದಿ 65–70 ಡಿಗ್ರಿಗೇ ಗಟ್ಟಿಯಾಗುತ್ತದಲ್ಲ, ಇದು ಹೇಗೆ ತಾಳಿತು? ಹಾಲು ಅದನ್ನು ತೆಳು ಮಾಡಿದೆ, ಸಕ್ಕರೆ ಪ್ರೋಟೀನುಗಳಿಗೆ ಅಡ್ಡ ನಿಂತಿದೆ. ಇಡೀ ವಿದ್ಯೆ ಇರುವುದು ಈ ಹತ್ತು ಡಿಗ್ರಿಯ ಅಂತರದಲ್ಲಿ. ಸ್ವಲ್ಪ ಕಾಳುಗಟ್ಟಿತೋ, ಕೂಡಲೇ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು, ಆರಿದ ಮೇಲೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ. ನೆಂಟರಿಗೆ ಗೊತ್ತಾಗುವುದಿಲ್ಲ.

ಹದ ಬಂದದ್ದನ್ನು ಸೋಸಿ, ತಣ್ಣೀರು ತುಂಬಿದ ಬೇಸಿನ್ನಿನಲ್ಲಿ ಕೂರಿಸಿ ಬೇಗ ಆರಿಸಿ, ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡಿ. ಮರುದಿನ ಗಸಗಸೆ ಪಾಯಸದ ಹದಕ್ಕೆ ನಿಂತಿರುತ್ತದೆ, ಮೊಟ್ಟೆಯ ಹಸಿ ವಾಸನೆಯ ಸುಳಿವೂ ಇರುವುದಿಲ್ಲ.

ಜಾಯಿಕಾಯಿಯನ್ನು ಯುರೋಪಿನವರು ತುರಿಯುತ್ತಾರೆ. ಆ ತುರಿ ನಾಲಗೆಗೆ ಮರಳಿನಂತೆ ಸಿಗುತ್ತದೆ, ನನಗೆ ಹಿಡಿಸುವುದಿಲ್ಲ. ನಮ್ಮಲ್ಲಿ ಎಳೆ ಮಗುವಿಗೆ ಬಜೆ, ಜಾಯಿಕಾಯಿ ತೇಯುವ ಕಲ್ಲು ಹಳೆಯ ಮನೆಗಳಲ್ಲಿ ಇನ್ನೂ ಇದೆ. ಅದರ ಮೇಲೆ ನಾಲ್ಕು ಹನಿ ಹಾಲು ಬಿಟ್ಟುಕೊಂಡು ಜಾಯಿಕಾಯಿಯನ್ನು ಹತ್ತಿಪ್ಪತ್ತು ಸುತ್ತು ತೇಯ್ದರೆ ನುಣ್ಣನೆಯ ಗಂಧ ಬರುತ್ತದೆ. ಅದನ್ನು ಬೆರಳಲ್ಲಿ ತೆಗೆದು ಆರಿದ ಎಗ್‌ನಾಗಿಗೆ ಬೆರೆಸಿ. ಲೀಟರಿಗೆ ಕಾಲು ಚಮಚದಷ್ಟು ಸಾಕು. ಜಾಯಿಕಾಯಿ ಹೆಚ್ಚಾದರೆ ತಲೆ ಸುತ್ತುತ್ತದೆ, ಮಕ್ಕಳಿಗೆ ಕೊಡುವಾಗ ಇನ್ನೂ ಕಡಿಮೆ.

ಉಳಿದ ಆರು ಬಿಳಿಗಳ ಗತಿ? ಹಳೆಯ ಪಾಕಗಳಲ್ಲಿ ಅದನ್ನು ನೊರೆ ಬರಿಸಿ ಹಸಿಯಾಗಿಯೇ ಮೇಲೆ ಹಾಕುತ್ತಾರೆ, ಅದು ಬೇಡ. ಓವನ್ ಇದ್ದರೆ ತೂತ್ತುಕುಡಿ ಮಕ್ರೂನ್ ಮಾಡಿ, ಬಿಳಿ ಮತ್ತು ಗೋಡಂಬಿಯ ಆ ತಿನಿಸು ತಮಿಳುನಾಡಿನ ಹೆಮ್ಮೆ. ಇಲ್ಲದಿದ್ದರೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ರಾತ್ರಿಗೆ ಆಮ್ಲೆಟ್.

ಕುಡಿಯುವುದು ಬಿಸಿಯಾಗಿಯೋ ತಣ್ಣಗೋ? ವಿದೇಶದಲ್ಲಿ ತಣ್ಣಗೆ ಕುಡಿಯುತ್ತಾರೆ, ಅವರ ಮನೆಯೊಳಗೆ ಹೀಟರ್ ಉರಿಯುತ್ತಿರುತ್ತದೆ. ಹೊಸೂರು, ತಳಿ, ಕೆಲಮಂಗಲದ ಡಿಸೆಂಬರ್ ಸಂಜೆಗೆ ತಣ್ಣನೆಯ ಮೊಟ್ಟೆ ಹಾಲು ಮೂರ್ಖತನ. ಮತ್ತೆ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಬೆಚ್ಚಗೆ ಮಾಡಿ, ಕುದಿಸದೆ, ಕಾಫಿ ಲೋಟದಲ್ಲಿ ಕೊಡಿ. ಘಟ್ಟದ ಕೆಳಗೆ ಕೃಷ್ಣಗಿರಿ, ಕಾವೇರಿಪಟ್ಟಣದಲ್ಲಾದರೆ ತಣ್ಣಗೇ ಚೆನ್ನ.

ತೊರಪಳ್ಳಿಯವರ ನೆರಳು

ರಮ್ ಮಾತು ಬಂದಾಗ ಹೊಸೂರಿನವರು ತೊರಪಳ್ಳಿಯನ್ನು ಮರೆಯುವಂತಿಲ್ಲ. ಹೊಸೂರಿಗೆ ಕೂಗಳತೆಯ ಆ ಹಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರಿ, ಅಂದರೆ ರಾಜಾಜಿ, ಹುಟ್ಟಿದರು. ಮನೆ ಈಗ ಸ್ಮಾರಕ. 1937ರ ಜುಲೈನಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದ ಅವರು ಅಕ್ಟೋಬರ್ 1ರಿಂದ ಪಾನನಿಷೇಧ ಜಾರಿಗೆ ತಂದರು. ಇಡೀ ಪ್ರಾಂತ್ಯಕ್ಕೆ ಒಮ್ಮೆಲೇ ತರದೆ ಮೊದಲು ಒಂದೇ ಜಿಲ್ಲೆಯನ್ನು ಆರಿಸಿಕೊಂಡರು: ಸೇಲಂ. ಹೊಸೂರು, ಕೃಷ್ಣಗಿರಿ ಆಗ ಸೇಲಂ ಜಿಲ್ಲೆಯಲ್ಲೇ ಇದ್ದವು. ಹೀಗೆ ಚುನಾಯಿತ ಸರ್ಕಾರವೊಂದು ಸಾರಾಯಿ, ಹೆಂಡದ ಅಂಗಡಿ ಮುಚ್ಚಿಸಿದ ದೇಶದ ಮೊದಲ ಪ್ರದೇಶಗಳಲ್ಲಿ ನಮ್ಮ ಸೀಮೆಯೂ ಒಂದು, ಮುಚ್ಚಿಸಿದವರು ನಮ್ಮೂರಿನವರೇ. ಹೋದ ಆದಾಯಕ್ಕೆ ಬದಲು ಅವರು 1939ರಲ್ಲಿ ಮಾರಾಟ ತೆರಿಗೆ ತಂದರು. ಕುಡಿಯದವರ ಜೇಬಿಗೂ ಕೈ ಬಿತ್ತು ಎಂದು ಆಗ ಗೊಣಗಿದವರಿರಬಹುದು.

ಆಮೇಲಿನದು ಮುಚ್ಚಾಟ–ತೆರೆದಾಟ. 1948ರ ಹೊತ್ತಿಗೆ ಇಡೀ ಪ್ರಾಂತ್ಯ ಒಣಗಿತು. 1971ರಲ್ಲಿ ಕರುಣಾನಿಧಿ ಸರ್ಕಾರ ಅಂಗಡಿ ತೆರೆಯಿತು, 1974ರಲ್ಲಿ ಮುಚ್ಚಿತು. 1981ರಲ್ಲಿ ಎಂಜಿಆರ್ ಮತ್ತೆ ತೆರೆದರು. 1983ರಲ್ಲಿ ಸರ್ಕಾರದ ಮದ್ಯ ನಿಗಮ ಟಾಸ್ಮ್ಯಾಕ್ ಹುಟ್ಟಿತು, 2003ರಿಂದ ಚಿಲ್ಲರೆ ಮಾರಾಟವೂ ಅದರದೇ. ರಾಜಾಜಿಯವರ ಜಿಲ್ಲೆಯಲ್ಲೀಗ ಸರ್ಕಾರವೇ ಅಂಗಡಿಯವನು.

ಹಾಕಲೇಬೇಕೆಂದಿದ್ದರೆ ಕಪ್ಪು ರಮ್ಮೇ ಸರಿ. 1954ರಲ್ಲಿ ಮಾರುಕಟ್ಟೆಗೆ ಬಂದ ಓಲ್ಡ್ ಮಾಂಕ್‌ನ ವೆನಿಲ್ಲಾ ಘಮ ಮೊಟ್ಟೆಗೆ ಹೊಂದುತ್ತದೆ, ವಿಸ್ಕಿ ಹೊಂದುವುದಿಲ್ಲ. ಪಾತ್ರೆಗೆ ಸುರಿಯಬೇಡಿ. ಬೇಕಾದವರು ತಮ್ಮ ಲೋಟಕ್ಕೆ 30 ಮಿ.ಲೀ. ಬೆರೆಸಿಕೊಳ್ಳಲಿ, ಮಕ್ಕಳ ಲೋಟಕ್ಕೂ ದೊಡ್ಡವರ ಲೋಟಕ್ಕೂ ಗೊಂದಲ ಬರುವುದಿಲ್ಲ. ಮತ್ತೊಂದು: ಅತ್ತಿಬೆಲೆಯಲ್ಲಿ ಬಾಟಲಿ ಕೊಂಡು ಗಡಿ ದಾಟಿಸುವ ಜಾಣತನ ಬೇಡ. ಕರ್ನಾಟಕದ ಮದ್ಯ ತರುವವರನ್ನು ಹಿಡಿಯಲು ತಮಿಳುನಾಡಿನ ಪೊಲೀಸರು ಈ ರಸ್ತೆಯಲ್ಲಿ ಕಾದೇ ಇರುತ್ತಾರೆ. ನನ್ನನ್ನು ಕೇಳಿದರೆ, ರಮ್ ಇಲ್ಲದ ಎಗ್‌ನಾಗ್ ಹೊಸೂರಿನ ಚರಿತ್ರೆಗೂ ಒಪ್ಪುತ್ತದೆ, ರುಚಿಗೂ ಕೊರತೆಯಿಲ್ಲ. ರಮ್ ಹಾಕಿದಾಗ ಜಾಯಿಕಾಯಿ, ಚಕ್ಕೆ ಎರಡೂ ಹಿಂದೆ ಸರಿದುಬಿಡುತ್ತವೆ.

ಮೊಟ್ಟೆ ಮುಟ್ಟದವರಿಗೆ

ಪಕ್ಕದ ಮನೆಯವರು ಮೊಟ್ಟೆ ತಿನ್ನುವುದಿಲ್ಲ ಎಂದರೆ? ದಾರಿ ಹಳೆಯದೇ. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿ, ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ ಮೆಕ್ಕೆಜೋಳದ ಪಿಷ್ಟದಿಂದ ಕಸ್ಟರ್ಡ್ ಪುಡಿ ಮಾಡಿದ. ಅದು ಇಂದು ಫ್ರೂಟ್ ಸಲಾಡಿನ ನೆಪದಲ್ಲಿ ನಮ್ಮ ಎಲ್ಲ ಅಡುಗೆಮನೆಯಲ್ಲಿದೆ. ಒಂದು ಲೀಟರ್ ಹಾಲಿಗೆ ಒಂದೂವರೆ ದೊಡ್ಡ ಚಮಚ ಪುಡಿಯನ್ನು ತಣ್ಣನೆಯ ಹಾಲಿನಲ್ಲಿ ಕಲಸಿ ಹಾಕಿ ಕುದಿಸಿದರೆ, ಮಸಾಲೆ ಅದೇ, ಹದ ಅದೇ. ಇಲ್ಲಿ ಕುದಿಯಲೇಬೇಕು, ಇಲ್ಲದಿದ್ದರೆ ಹಿಟ್ಟಿನ ವಾಸನೆ.

ನನಗೆ ಅದಕ್ಕಿಂತ ರಾಗಿ ಹಾಲು ಹೆಚ್ಚು ಇಷ್ಟ. ಕೃಷ್ಣಗಿರಿ ಜಿಲ್ಲೆ ತಮಿಳುನಾಡಿನ ರಾಗಿ ಕಣಜ, ಡೆಂಕಣಿಕೋಟೆ, ಅಂಚೆಟ್ಟಿ ಕಡೆ ಡಿಸೆಂಬರಿನಲ್ಲಿ ಕಣದ ಕೆಲಸ ನಡೆದಿರುತ್ತದೆ. ಒಂದು ಹಿಡಿ ಹೊಸ ರಾಗಿಯನ್ನು ರಾತ್ರಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯಿರಿ. ಅದನ್ನು ಲೀಟರ್ ಹಾಲಿಗೆ ಬೆರೆಸಿ ಸಣ್ಣ ಉರಿಯಲ್ಲಿ ತಿರುವುತ್ತ ಕಾಯಿಸಿದರೆ ಪಿಷ್ಟವೇ ಹಳದಿಯ ಕೆಲಸ ಮಾಡುತ್ತದೆ. ಬೆಲ್ಲ ಹಾಕುವುದಾದರೆ ಒಲೆಯಿಂದ ಇಳಿಸಿ, ಕೊಂಚ ಆರಿದ ಮೇಲೆ ಹಾಕಿ. ಕುದಿಯುವಾಗ ಹಾಕಿದರೆ ಹಾಲು ಒಡೆಯುತ್ತದೆ. ತೆಂಗಿನಕಾಯಿ ಹಾಲಿನಲ್ಲಿ ಮಾಡುವುದೂ ಉಂಟು. ಪೋರ್ಟೊ ರಿಕೊ ದ್ವೀಪದವರು ಕ್ರಿಸ್‌ಮಸ್‌ಗೆ ಮಾಡುವ ಕೊಕಿಟೊದಲ್ಲಿ ತೆಂಗಿನ ಹಾಲೇ ಪ್ರಧಾನ, ಎಷ್ಟೋ ಮನೆಗಳಲ್ಲಿ ಅದಕ್ಕೆ ಮೊಟ್ಟೆ ಹಾಕುವುದೇ ಇಲ್ಲ. ಕೃಷ್ಣಗಿರಿಯಲ್ಲಿ ಯಾರಾದರೂ ಇದಕ್ಕೆ ತೋತಾಪುರಿ ಪಲ್ಪ್ ಸುರಿದೇ ಸುರಿಯುತ್ತಾರೆ ಎಂದೂ ಗೊತ್ತು. ಡಬ್ಬದ ಮಾವನ್ನು ಬೇಸಿಗೆಗೆ ಉಳಿಸಿಕೊಳ್ಳಿ ಎಂದಷ್ಟೇ ನನ್ನ ವಿನಂತಿ.

ಮಾಡಿದ ಎಗ್‌ನಾಗನ್ನು ಫ್ರಿಜ್ಜಿನಲ್ಲಿ ಮುಚ್ಚಿಟ್ಟು ಮೂರು ದಿನದೊಳಗೆ ಮುಗಿಸಿ, ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ. ಚಿಕ್ಕ ಲೋಟದಲ್ಲಿ ಕೊಡಿ, ಇದು ಭಾರದ ಪದಾರ್ಥ. ಮತ್ತು ಯಾರಿಗೆ ಕೊಟ್ಟರೂ ಇದರಲ್ಲಿ ಮೊಟ್ಟೆ ಇದೆ, ಅಥವಾ ಇಲ್ಲ, ಎಂದು ಕೈಗೆ ಲೋಟ ಕೊಡುವ ಮೊದಲೇ ಹೇಳಿ.